ಜಯಚಂದ್ರನ ಕೇಸು ಮತ್ತೆ ತೆರೆಯಿರಿ

‘ದೇಶದ್ರೋಹಿ’ ಅನ್ನೋ ಪದ ಬಳಸಿ ಬಳಸಿ ಸವೆದುಹೋಗಿದೆ. ಅದಕ್ಕೇ ಇರಬೇಕು, ಈಚೆಗೆ ನಮ್ಮ ಕನ್ನಡದ ಗ್ರೂಪುಗಳಲ್ಲೂ ಅದರ ಜಾಗಕ್ಕೆ ಇನ್ನೊಂದು ಬಂದು ಕೂತಿದೆ: ‘ಜೈಚಂದ್’. ಹಿಂದಿ ಚಾನೆಲ್ಲುಗಳ ಚರ್ಚೆಯಿಂದ ಇಳಿದುಬಂದ ಬೈಗುಳ ಇದು. ಪಕ್ಷ ಬಿಟ್ಟವನು ಜೈಚಂದ್, ಬೇರೆ ಕಡೆ ಮತ ಹಾಕಿದವನು ಜೈಚಂದ್, ಫಾರ್ವರ್ಡ್ ಬಂದಾಗ ‘ಇದಕ್ಕೆ ಆಧಾರ ಏನು?’ ಅಂತ ಕೇಳಿದವನೂ ಜೈಚಂದ್. ನನ್ನ ಶಾಲೆಯ ಗೆಳೆಯರ ಗ್ರೂಪಿನಲ್ಲಿ ಹಾಗೆ ಕೇಳಿದ ಒಬ್ಬನಿಗೆ ಈ ಬಿರುದು ಸಿಕ್ಕಿತು. ಅವನು ಜಗಳವಾಡಲಿಲ್ಲ, ಸುಮ್ಮನೆ ಗ್ರೂಪು ಬಿಟ್ಟು ಹೋದ. ಹಾಗೆ ಕರೆದವರಲ್ಲಿ ಒಬ್ಬನಿಗೂ ಈ ಜಯಚಂದ್ರ ಯಾರು, ಎಲ್ಲಿ ಆಳಿದ, ಹೇಗೆ ಸತ್ತ ಅನ್ನೋದು ಗೊತ್ತಿದ್ದಿರಲಾರದು. ಗೊತ್ತಿದ್ದರೆ ಆ ಪದ ಬಾಯಿಗೆ ಬರುತ್ತಿರಲಿಲ್ಲ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಅಜ್ಮೀರ ಮತ್ತು ದಿಲ್ಲಿಯ ದೊರೆ ಪೃಥ್ವೀರಾಜ ಚೌಹಾಣ. ಕನೌಜಿನ ಜಯಚಂದ್ರನ ಮಗಳು ಸಂಯುಕ್ತೆ. ಸ್ವಯಂವರಕ್ಕೆ ಪೃಥ್ವೀರಾಜನನ್ನು ಕರೆಯದೆ ಅವನ ಪ್ರತಿಮೆಯನ್ನು ದ್ವಾರಪಾಲಕನಂತೆ ಬಾಗಿಲಲ್ಲಿ ನಿಲ್ಲಿಸುತ್ತಾರೆ. ಹುಡುಗಿ ಆ ಪ್ರತಿಮೆಗೇ ಮಾಲೆ ಹಾಕುತ್ತಾಳೆ, ಹುಡುಗ ಕುದುರೆ ಮೇಲೆ ಎತ್ತಿಕೊಂಡು ಹೋಗುತ್ತಾನೆ. ಮಾವ ಹಲ್ಲು ಕಡಿಯುತ್ತಾ ಮಹಮ್ಮದ್ ಘೋರಿಗೆ ಕಾಗದ ಬರೆಯುತ್ತಾನೆ. ಹದಿನೇಳು ಸಲ ಸೋತು ಕ್ಷಮೆ ಪಡೆದ ಘೋರಿ ಹದಿನೆಂಟನೇ ಸಲ ಗೆಲ್ಲುತ್ತಾನೆ. ಕಣ್ಣು ಕೀಳಿಸಿಕೊಂಡ ಪೃಥ್ವೀರಾಜ ಕೊನೆಗೆ ಸದ್ದಿನ ಗುರಿ ಹಿಡಿದು ಬಾಣ ಬಿಟ್ಟು ಘೋರಿಯನ್ನು ಕೊಲ್ಲುತ್ತಾನೆ. ಕಾಮಿಕ್ಸಿನಲ್ಲಿ ಓದಿದ್ದೇವೆ, ಸೀರಿಯಲ್ಲಿನಲ್ಲಿ ನೋಡಿದ್ದೇವೆ, 2022ರಲ್ಲಿ ಅಕ್ಷಯ್ ಕುಮಾರ್ ದೊಡ್ಡ ಪರದೆ ಮೇಲೂ ಮಾಡಿ ತೋರಿಸಿದರು.

ಈಗ ದಾಖಲೆ ನೋಡೋಣ. ಪೃಥ್ವೀರಾಜ ಸೋತದ್ದು 1192ರಲ್ಲಿ. ಅದಾದ ಎರಡು ವರ್ಷಕ್ಕೆ, 1194ರಲ್ಲಿ, ಇಂದಿನ ಉತ್ತರ ಪ್ರದೇಶದ ಫಿರೋಜಾಬಾದಿನ ಹತ್ತಿರ ಚಂದಾವರ್ ಎಂಬಲ್ಲಿ ಜಯಚಂದ್ರ ಯುದ್ಧಕ್ಕೆ ನಿಂತ. ಎದುರಿಗಿದ್ದದ್ದು ಯಾರ ಸೈನ್ಯ? ಅದೇ ಘೋರಿಯ ಸೈನ್ಯ. ಜಯಚಂದ್ರ ಶರಣಾಗಲಿಲ್ಲ, ಓಡಿಹೋಗಲಿಲ್ಲ, ರಣರಂಗದಲ್ಲೇ ಸತ್ತ. ಹಲ್ಲುಗಳಿಗೆ ಚಿನ್ನದ ಕಟ್ಟು ಹಾಕಿಸಿಕೊಂಡಿದ್ದರಿಂದ ಅವನ ಹೆಣವನ್ನು ಗುರುತಿಸಲಾಯಿತು ಅಂತ ಅರಬ್ ಇತಿಹಾಸಕಾರ ಇಬ್ನ್ ಅಲ್-ಅಸೀರ್ ಬರೆಯುತ್ತಾನೆ. ಹಲ್ಲು ಕಟ್ಟಿಸಿಕೊಂಡ ವಯಸ್ಸಿನ ರಾಜ ಯುದ್ಧಭೂಮಿಯಲ್ಲಿ ಹೆಣವಾಗಿ ಬಿದ್ದದ್ದು ಘೋರಿಯನ್ನು ತಡೆಯುವಾಗ. ಅವನನ್ನು ನಾವು ಎಂಟುನೂರು ವರ್ಷಗಳ ಮೇಲೆ ಘೋರಿಯ ಏಜೆಂಟ್ ಅಂತ ಕರೆಯುತ್ತಿದ್ದೇವೆ. ಅವನು ಘೋರಿಯನ್ನು ಕರೆಸಿದ ಅನ್ನೋದಕ್ಕೆ ಆ ಕಾಲದ ಒಂದೇ ಒಂದು ಶಾಸನವಿಲ್ಲ. ಗೆದ್ದವರ ಕಡೆಯ ಪರ್ಷಿಯನ್ ಬರಹಗಾರರೂ ಆ ಮಾತು ಹೇಳುವುದಿಲ್ಲ. ಒಳಗಿನವನೊಬ್ಬ ಬಾಗಿಲು ತೆಗೆದಿದ್ದರೆ ಅದನ್ನು ಮುಚ್ಚಿಡಲು ಅವರಿಗೇನು ಕಾರಣವಿತ್ತು?

ಹಾಗಾದರೆ ಈ ಕಥೆ ಎಲ್ಲಿಂದ ಬಂತು? ಬಹುಪಾಲು ‘ಪೃಥ್ವೀರಾಜ ರಾಸೋ’ ಎಂಬ ಕಾವ್ಯದಿಂದ. ಪೃಥ್ವೀರಾಜನ ಆಸ್ಥಾನಕವಿ ಚಂದ್ ಬರದಾಯಿ ಬರೆದದ್ದು ಅನ್ನೋದು ಪರಂಪರೆಯ ನಂಬಿಕೆ. ಆದರೆ ಈಗ ಸಿಗುವ ರೂಪ ಅದಕ್ಕಿಂತ ಕೆಲವು ಶತಮಾನ ಈಚಿನದು. ಇದನ್ನು ಎತ್ತಿ ಹೇಳಿದವರು ಯಾವುದೋ ಎಡಪಂಥೀಯ ಪ್ರೊಫೆಸರ್ ಅಲ್ಲ. ಮೇವಾಡದ ಆಸ್ಥಾನದ ಇತಿಹಾಸಕಾರ ಕವಿರಾಜ ಶ್ಯಾಮಲದಾಸರು 1880ರ ದಶಕದಲ್ಲೇ ರಾಸೋವನ್ನು ಸಮಕಾಲೀನ ದಾಖಲೆ ಅಂತ ನಂಬಬೇಡಿ ಅಂದರು. ಆಮೇಲೆ ಗೌರೀಶಂಕರ ಓಝಾ ಅದನ್ನೇ ಹೇಳಿದರು. ಅದಕ್ಕೂ ಮುಂಚೆ ಜಾರ್ಜ್ ಬ್ಯೂಲರ್ ಕಾಶ್ಮೀರದಲ್ಲಿ ಭೂರ್ಜಪತ್ರದ ಮೇಲಿದ್ದ ‘ಪೃಥ್ವೀರಾಜವಿಜಯ’ವನ್ನು ಪತ್ತೆ ಮಾಡಿದ್ದ. ಅದು ಪೃಥ್ವೀರಾಜ ಬದುಕಿದ್ದಾಗಲೇ ಜಯಾನಕ ಎಂಬ ಕವಿ ಬರೆದ ಸಂಸ್ಕೃತ ಕಾವ್ಯ. ಸಿಕ್ಕಿರುವುದು ಪೂರ್ತಿಯಲ್ಲ, ಆದರೆ ಅದು ಕೊಡುವ ವಂಶಾವಳಿ ಶಾಸನಗಳ ಜೊತೆ ಹೊಂದುತ್ತದೆ. ರಾಸೋದ್ದು ಹೊಂದುವುದಿಲ್ಲ.

ಹದಿನೇಳು ಸಲದ ಲೆಕ್ಕವೂ ಅಷ್ಟೇ. ಪರ್ಷಿಯನ್ ಬರಹಗಳಲ್ಲಿರುವುದು ಎರಡು ಯುದ್ಧ, 1191 ಮತ್ತು 1192. ಎರಡೂ ಇಂದಿನ ಹರಿಯಾಣದ ಕರ್ನಾಲದ ಬಳಿಯ ತರಾಯಿನ್‌ನಲ್ಲಿ. ಆಮೇಲಿನ ಸಂಸ್ಕೃತ ಗ್ರಂಥಗಳಲ್ಲಿ ಒಂದರಲ್ಲಿ ಏಳು ಸಲ, ಇನ್ನೊಂದರಲ್ಲಿ ಇಪ್ಪತ್ತು ಸಲ. ಬಾಣದ ಕಥೆಯಂತೂ ಕ್ಯಾಲೆಂಡರಿನ ಮುಂದೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಘೋರಿ ಕೊಲೆಯಾದದ್ದು 1206ರಲ್ಲಿ, ಪೃಥ್ವೀರಾಜ ಸತ್ತು ಹದಿನಾಲ್ಕು ವರ್ಷ ಕಳೆದಮೇಲೆ, ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿ.

‘ಅಯ್ಯೋ, ಕಥೆ ಕಥೆಯಾಗಿರಲಿ ಬಿಡಿ, ಅದಕ್ಯಾಕೆ ಇಷ್ಟು ಸಿಟ್ಟು?’ ಅಂತ ಕೇಳಬಹುದು. ಕಥೆಯ ಮೇಲೆ ನನಗೆ ಸಿಟ್ಟಿಲ್ಲ. ಸಂಯುಕ್ತೆ ಪ್ರತಿಮೆಗೆ ಮಾಲೆ ಹಾಕುವ ದೃಶ್ಯ ನನಗೂ ಇಷ್ಟ. ನನ್ನ ಸಿಟ್ಟು, ಆ ಕಥೆ ಒಂದು ಇಡೀ ವಂಶದ ನಾನೂರು ವರ್ಷವನ್ನು ನುಂಗಿ, ಅದರ ಜಾಗದಲ್ಲಿ ಒಂದು ಬೈಗುಳವನ್ನು ಉಗುಳಿದೆ ಅನ್ನೋದಕ್ಕೆ. ಏನೇನು ನುಂಗಿದೆ, ನೋಡಿ.

ಚೌಹಾಣರು, ಅವರ ಶಾಸನಗಳ ಸಂಸ್ಕೃತದಲ್ಲಿ ಚಾಹಮಾನರು, ಶುರುವಾದದ್ದು ಉಪ್ಪಿನ ಕೆರೆಯ ದಂಡೆಯಿಂದ. ರಾಜಸ್ಥಾನದ ಸಾಂಭರ್ ಸರೋವರ, ಇವತ್ತಿಗೂ ದೇಶದ ಅತಿ ದೊಡ್ಡ ಒಳನಾಡಿನ ಉಪ್ಪಿನ ಸರೋವರ. ಆ ಊರಿನ ಹಳೆಯ ಹೆಸರು ಶಾಕಂಭರಿ, ಅಲ್ಲಿನ ದೇವಿಯ ಹೆಸರೂ ಅದೇ. ನಮ್ಮ ಬಾದಾಮಿಯ ಬನಶಂಕರಿಯನ್ನೂ ಶಾಕಂಭರಿ ಅಂತ ಕರೆಯುತ್ತಾರಲ್ಲ, ಆ ಹೆಸರೇ. ಮರುಭೂಮಿಯ ಅಂಚು, ಉಪ್ಪು, ಗುಜರಾತಿನ ಬಂದರುಗಳ ಕಡೆಗೆ ಹೋಗುವ ವ್ಯಾಪಾರದ ದಾರಿ. ಮೊದಮೊದಲು ಇವರು ಕನೌಜಿನ ಪ್ರತೀಹಾರರ ಸಾಮಂತರು. ಪ್ರತೀಹಾರರ ಕೈ ಸಡಿಲವಾದಾಗ ತಾವೇ ರಾಜರಾದರು.

ಇವರ ಮೂಲದ ಕಥೆಗಳೂ ಸ್ವಾರಸ್ಯ. 1170ರ ಬಿಜೋಲಿಯಾ ಶಾಸನದ ಪ್ರಕಾರ ಮೂಲಪುರುಷ ವತ್ಸ ಗೋತ್ರದ ಬ್ರಾಹ್ಮಣ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ‘ಪೃಥ್ವೀರಾಜವಿಜಯ’ದಲ್ಲಿ ಸೂರ್ಯವಂಶ. ರಾಸೋ ಕಾಲಕ್ಕೆ ಅಬು ಬೆಟ್ಟದ ಯಜ್ಞಕುಂಡದಿಂದ ಎದ್ದುಬಂದ ಅಗ್ನಿಕುಲ. ಕಂಪನಿ ಬದಲಾದ ಹಾಗೆಲ್ಲ ರೆಸ್ಯೂಮೆ ತಿದ್ದುವುದು ನಮ್ಮ ಕಾಲದ ಚಾಳಿಯೇನಲ್ಲ. ‘ರಜಪೂತ’ ಅನ್ನೋ ಗುರುತೂ ಹೀಗೇ ನಿಧಾನಕ್ಕೆ ಗಟ್ಟಿಯಾದದ್ದು. ಜಮೀನು, ಕೋಟೆ, ಮದುವೆ ಸಂಬಂಧ, ಕುದುರೆ, ಎಲ್ಲ ಸೇರಿಸಿಕೊಂಡು ಹಲವು ಮೂಲದ ಮನೆತನಗಳು ನಾಲ್ಕಾರು ಶತಮಾನದಲ್ಲಿ ‘ರಾಜಪುತ್ರ’ರಾದವು.

ಹನ್ನೆರಡನೇ ಶತಮಾನದ ಆರಂಭದಲ್ಲಿ ಅಜಯರಾಜ ಅಜ್ಮೀರವನ್ನು ಕಟ್ಟಿದ, ಅಜಯಮೇರು. ಅವನ ರಾಣಿ ಸೋಮಲದೇವಿಯ ಹೆಸರಿನ ನಾಣ್ಯಗಳು ಸಿಕ್ಕಿವೆ. ಒಂಬೈನೂರು ವರ್ಷದ ಹಿಂದೆ ಹೆಂಡತಿಯ ಹೆಸರಲ್ಲಿ ದುಡ್ಡು! ಅವನ ಮಗ ಅರ್ಣೋರಾಜ ಘಜನಿಯ ಕಡೆಯಿಂದ ಬಂದ ದಾಳಿಯನ್ನು ಅಜ್ಮೀರದ ಬಾಗಿಲಲ್ಲೇ ಮುರಿದ. ರಕ್ತ ಬಿದ್ದ ನೆಲವನ್ನು ಶುದ್ಧ ಮಾಡಲು ಅಲ್ಲಿ ಕೆರೆ ಕಟ್ಟಿಸಿದ ಅಂತ ಜಯಾನಕ ಬರೆಯುತ್ತಾನೆ. ಆ ಆನಾಸಾಗರ ಇವತ್ತಿಗೂ ಅಜ್ಮೀರದ ನಡುವೆ ಇದೆ. ಅರ್ಣೋರಾಜ ಸತ್ತದ್ದು ಹೇಗೆ ಗೊತ್ತಾ? ಯಾವ ತುರುಕನ ಕೈಯಿಂದಲೂ ಅಲ್ಲ, ಸ್ವಂತ ಮಗ ಜಗದ್ದೇವನ ಕೈಯಿಂದ. ದ್ರೋಹಿ ಬೇಕೇಬೇಕು ಅನ್ನುವವರಿಗೆ ಇಲ್ಲೊಬ್ಬ ಸಿಗುತ್ತಾನೆ. ಅವನ ಹೆಸರು ಯಾವ ಚಾನೆಲ್ಲಿನಲ್ಲೂ ಬೈಗುಳವಾಗಿಲ್ಲ.

ಜಗದ್ದೇವನನ್ನು ಇಳಿಸಿ ಬಂದ ತಮ್ಮ ನಾಲ್ಕನೇ ವಿಗ್ರಹರಾಜ. ನನ್ನ ಲೆಕ್ಕದಲ್ಲಿ ಈ ವಂಶದ ನಿಜವಾದ ದೊಡ್ಡ ದೊರೆ ಇವನೇ. ದಿಲ್ಲಿಯ ತೋಮರರನ್ನು ಸಾಮಂತರನ್ನಾಗಿ ಮಾಡಿಕೊಂಡವನು ಇವನು, ಪೃಥ್ವೀರಾಜ ಅಲ್ಲ. 1164ರಲ್ಲಿ ಅಶೋಕನ ಸ್ತಂಭವೊಂದರ ಮೇಲೆ ಇವನ ಶಾಸನ ಕೆತ್ತಿಸಿದರು. ಆ ಕಂಬ ಈಗ ದಿಲ್ಲಿಯ ಫಿರೋಜ್ ಶಾ ಕೋಟ್ಲಾದಲ್ಲಿದೆ. ಹಿಮಾಲಯದಿಂದ ವಿಂಧ್ಯದವರೆಗೆ ಗೆದ್ದೆ, ಮ್ಲೇಚ್ಛರನ್ನು ಓಡಿಸಿ ಆರ್ಯಾವರ್ತಕ್ಕೆ ಅದರ ಹೆಸರನ್ನು ಮರಳಿ ಕೊಡಿಸಿದೆ ಅನ್ನೋದು ಅದರ ಸಾರಾಂಶ. ಇಷ್ಟೆಲ್ಲ ಮಾಡುವ ನಡುವೆ ‘ಹರಕೇಲಿ ನಾಟಕ’ ಅಂತ ಸಂಸ್ಕೃತ ನಾಟಕವನ್ನೂ ಬರೆದ. ಅದನ್ನು ಕಲ್ಲಿನ ಫಲಕಗಳ ಮೇಲೆ ಕೊರೆಸಿಟ್ಟರು. ಆ ಫಲಕಗಳು ಸಿಕ್ಕಿದ್ದು ಅಜ್ಮೀರದ ‘ಅಢಾಯಿ ದಿನ್ ಕಾ ಝೋಂಪಡಾ’ ಮಸೀದಿಯಲ್ಲಿ. ಘೋರಿಯವರು ಅಲ್ಲಿನ ಕಟ್ಟಡಗಳನ್ನು ಕೆಡವಿ ಆ ಕಲ್ಲುಕಂಬಗಳಿಂದಲೇ ಮಸೀದಿ ಕಟ್ಟಿದರು. ನಾನು ಘೋರಿಯ ವಕಾಲತ್ತು ವಹಿಸುತ್ತಿಲ್ಲ ಅನ್ನೋದು ಸ್ಪಷ್ಟವಿರಲಿ. ಅಜ್ಮೀರದ ದೇವಸ್ಥಾನಗಳನ್ನು ಒಡೆದದ್ದನ್ನು ಅವರ ಕಡೆಯ ಹಸನ್ ನಿಜಾಮಿಯೇ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ಮುಚ್ಚಿಡುವಂಥದ್ದು ಏನೂ ಇಲ್ಲ.

ಈಗ ಪೃಥ್ವೀರಾಜ. 1166ರ ಸುಮಾರಿಗೆ ಹುಟ್ಟು. 1177ರಲ್ಲಿ ತಂದೆ ಸೋಮೇಶ್ವರ ತೀರಿಕೊಂಡಾಗ ಹನ್ನೊಂದರ ಹುಡುಗ. ತಾಯಿ ಕರ್ಪೂರದೇವಿ, ತ್ರಿಪುರಿಯ ಕಲಚುರಿ ಮನೆತನದವಳು, ಮಂತ್ರಿ ಕದಂಬವಾಸನ ಜೊತೆ ರಾಜ್ಯ ನೋಡಿಕೊಂಡಳು. ಎರಡನೇ ತರಾಯಿನ್ ಹೊತ್ತಿಗೆ ಅವನಿಗೆ ಇಪ್ಪತ್ತಾರರ ಆಸುಪಾಸು. ಅಂದರೆ ನಿಮ್ಮಲ್ಲಿ ಅನೇಕರು ಎರಡನೇ ಕಂಪನಿಗೆ ಹಾರುವ ವಯಸ್ಸು.

1178ರಲ್ಲಿ ನಡೆದದ್ದು ನನಗೆ ಇಡೀ ಪ್ರಕರಣದ ಬೀಗದ ಕೈ. ಘೋರಿ ಮುಲ್ತಾನಿನಿಂದ ಮರುಭೂಮಿ ದಾಟಿ ಗುಜರಾತಿನ ಚಾಲುಕ್ಯರ ಮೇಲೆ ಏರಿಹೋದ. ಇವರನ್ನು ಸೋಲಂಕಿ ಅಂತಲೂ ಕರೆಯುತ್ತಾರೆ, ನಮ್ಮ ಬಾದಾಮಿ, ಕಲ್ಯಾಣದ ಚಾಲುಕ್ಯರೇ ಬೇರೆ. ಅಬು ಬೆಟ್ಟದ ಬುಡದಲ್ಲಿ ಚಾಲುಕ್ಯರು ಅವನನ್ನು ಹಣ್ಣುಗಾಯಿ ನೀರುಗಾಯಿ ಮಾಡಿ ಅಟ್ಟಿದರು. ಆಗ ಅಜ್ಮೀರ ಏನು ಮಾಡುತ್ತಿತ್ತು? ಕೈಕಟ್ಟಿ ಕೂತಿತ್ತು. ಬಾಲಕ ರಾಜ ಹೋಗೋಣ ಅಂದ, ಮಂತ್ರಿ ಕದಂಬವಾಸ ‘ನಮ್ಮ ಇಬ್ಬರು ಶತ್ರುಗಳೂ ಹೊಡೆದಾಡಿಕೊಂಡು ಸಾಯಲಿ, ನಾವ್ಯಾಕೆ ಹೋಗಬೇಕು’ ಎಂಬರ್ಥದ ಸಲಹೆ ಕೊಟ್ಟ, ಅಷ್ಟರಲ್ಲಿ ಗುಜರಾತು ಗೆದ್ದ ಸುದ್ದಿ ಬಂತು ಅಂತ ಅವರದೇ ಆಸ್ಥಾನದ ಕಾವ್ಯ ಹೇಳುತ್ತದೆ. ಹೊಗಳಿ ಬರೆದ ಕಾವ್ಯದಲ್ಲೇ ಇದೆ, ಬೈದು ಬರೆದದ್ದರಲ್ಲಲ್ಲ.

ಹಾಗಾದರೆ ಕದಂಬವಾಸನೂ ಜೈಚಂದ್ ಅನ್ನೋಣವಾ? ಅನ್ನಬೇಕಾಗಿಲ್ಲ. ಆ ಕಾಲಕ್ಕೆ ಅದು ಜಾಣ ಸಲಹೆಯೇ. ಗುಜರಾತು ಅಜ್ಮೀರಕ್ಕೆ ಪಕ್ಕದ ಮನೆಯ ವೈರಿ, ಘೋರಿ ದೂರದ ವೈರಿ. ‘ನಾವೆಲ್ಲ ಒಂದೇ ದೇಶ’ ಅನ್ನೋ ಲೆಕ್ಕ ಆಗ ಯಾರ ತಲೆಯಲ್ಲೂ ಇರಲಿಲ್ಲ. ಇಲ್ಲದ ದೇಶಕ್ಕೆ ದ್ರೋಹ ಬಗೆಯುವುದು ಹೇಗೆ?

ಇದಾದ ಮೇಲೆ ಪೃಥ್ವೀರಾಜ ತನ್ನ ಯೌವನವನ್ನು ಕಳೆದದ್ದು ಅಕ್ಕಪಕ್ಕದವರ ಜೊತೆ ಕಾದಾಡುತ್ತಾ. ದಾಯಾದಿ ನಾಗಾರ್ಜುನನ ದಂಗೆ. ಭಾದಾನಕರು. 1182ರ ಸುಮಾರಿಗೆ ಬುಂದೇಲಖಂಡದ ಚಂದೇಲ ರಾಜ ಪರಮರ್ದಿಯ ಮೇಲೆ ದಂಡಯಾತ್ರೆ, ಅದಕ್ಕೆ ಮದನಪುರದ ಶಾಸನ ಸಾಕ್ಷಿ. ಗುಜರಾತಿನ ಭೀಮನ ಜೊತೆ ಜಗಳ, ಆಮೇಲೆ ಸಂಧಿ. ಅದೇ ವರ್ಷಗಳಲ್ಲಿ ಘೋರಿ 1186ಕ್ಕೆ ಲಾಹೋರನ್ನು ಘಜನವಿಗಳಿಂದ, ಅಂದರೆ ತನ್ನದೇ ಧರ್ಮದವರಿಂದ, ಕಿತ್ತುಕೊಂಡ. ಅಲ್ಲಿಗೆ ಅವನ ಗಡಿ ಚೌಹಾಣರ ಗಡಿಗೆ ಬಂದು ತಾಗಿತು.

1191. ಘೋರಿ ತಬರ್‌ಹಿಂದ್, ಅಂದರೆ ಭಟಿಂಡಾದ ಕೋಟೆ ಹಿಡಿದ. ಪೃಥ್ವೀರಾಜ ತರಾಯಿನ್‌ನಲ್ಲಿ ಎದುರಾದ. ದಿಲ್ಲಿಯ ಗೋವಿಂದರಾಜ ಘೋರಿಯ ತೋಳಿಗೆ ಈಟಿ ಇಳಿಸಿದ. ಖಿಲ್ಜಿ ಸೈನಿಕನೊಬ್ಬ ಒಡೆಯನನ್ನು ಕುದುರೆ ಮೇಲೆ ಹಿಡಿದುಕೊಂಡು ಪಾರುಮಾಡಿದ. ಪೂರ್ತಿ ಗೆಲುವು. ಆಮೇಲೆ? ಓಡುವ ಸೈನ್ಯದ ಬೆನ್ನು ಹತ್ತಲಿಲ್ಲ. ಭಟಿಂಡಾ ಕೋಟೆಯ ಮುತ್ತಿಗೆಯಲ್ಲೇ ಹದಿಮೂರು ತಿಂಗಳು ಹೋಯಿತು. ಆ ಹೊತ್ತಿನಲ್ಲಿ ಘೋರಿ ಘಜನಿಯಲ್ಲಿ ಸೋಲಿನ ಪಾಠ ಬರೆದುಕೊಂಡು ಸೈನ್ಯವನ್ನು ಹೊಸದಾಗಿ ಕಟ್ಟುತ್ತಿದ್ದ.

1192ರಲ್ಲಿ ಮತ್ತೆ ಅದೇ ಬಯಲು. ಸೈನ್ಯದ ಸಂಖ್ಯೆ ಬಿಡಿ, ಆ ಕಾಲದ ಬರಹಗಾರರು ಸೊನ್ನೆ ಸೇರಿಸುವುದರಲ್ಲಿ ಜಿಪುಣರಲ್ಲ. ಮುಖ್ಯವಾದದ್ದು ತಂತ್ರ. ಕುದುರೆ ಮೇಲಿಂದಲೇ ಬಾಣ ಬಿಡುವ ಹಗುರ ಸವಾರರ ತುಕಡಿಗಳನ್ನು ಘೋರಿ ನಾಲ್ಕೂ ಕಡೆ ಹಂಚಿದ ಅಂತ ಮಿನ್ಹಾಜ್ ಬರೆಯುತ್ತಾನೆ. ಅವರ ಕೆಲಸ ಹತ್ತಿರ ಬಂದು ಬಾಣ ಬಿಡುವುದು, ಆನೆ ಮುನ್ನುಗ್ಗಿದರೆ ಹಿಂದೆ ಸರಿಯುವುದು, ಮತ್ತೆ ಬರುವುದು. ರಜಪೂತರ ಸೈನ್ಯ ದಣಿದು ಸಾಲು ಒಡೆದಾಗ ಭಾರಿ ಕವಚದ ಸವಾರರನ್ನು ನುಗ್ಗಿಸಿದ. ಗೋವಿಂದರಾಜ ಅಲ್ಲೇ ಸತ್ತ. ಪೃಥ್ವೀರಾಜ ಸಿರ್ಸಾದ ಬಳಿ ಸೆರೆಯಾದ. ಒಳ್ಳೆ ಕುದುರೆ ಸಿಗುತ್ತಿದ್ದದ್ದು ಮಧ್ಯ ಏಷ್ಯಾದಲ್ಲಿ, ಆ ದಾರಿ ಘೋರಿಯ ಕೈಯಲ್ಲಿತ್ತು. ಚೌಹಾಣರ ಸೈನ್ಯವೆಂದರೆ ಸಾಮಂತರು ತಂದುಕೊಟ್ಟ ಪಡೆಗಳ ಮೊತ್ತ. ಒಂದೊಂದು ಪಡೆಯ ನಿಷ್ಠೆ ತನ್ನ ಒಡೆಯನಿಗೆ, ಆ ಒಡೆಯನ ನಿಷ್ಠೆ ರಾಜನಿಗೆ. ರಾಜ ಸಿಕ್ಕಿಬಿದ್ದರೆ ದಾರ ಕಿತ್ತ ಮಣಿಸರ.

ಇಲ್ಲಿಂದ ಮುಂದಿನದು ಯಾವ ಸಿನಿಮಾದಲ್ಲೂ ಇರುವುದಿಲ್ಲ. ಹಸನ್ ನಿಜಾಮಿಯ ಪ್ರಕಾರ ಪೃಥ್ವೀರಾಜನನ್ನು ಕೂಡಲೇ ಕೊಲ್ಲಲಿಲ್ಲ, ಅಜ್ಮೀರಕ್ಕೆ ಕರೆತಂದು ಉಳಿಸಿದರು, ಆಮೇಲೆ ಪಿತೂರಿಯ ಆರೋಪ ಹೊರಿಸಿ ಕೊಂದರು. ಒಂದು ಬದಿಯಲ್ಲಿ ಪೃಥ್ವೀರಾಜನ ಹೆಸರು, ಇನ್ನೊಂದು ಬದಿಯಲ್ಲಿ ಮಹಮ್ಮದ್ ಬಿನ್ ಸಾಮ್ ಅಂದರೆ ಘೋರಿಯ ಹೆಸರು ಇರುವ ನಾಣ್ಯಗಳೂ ಸಿಕ್ಕಿವೆ. ಮಗ ಗೋವಿಂದನನ್ನು ಘೋರಿಯ ಸಾಮಂತನಾಗಿ ಕೂರಿಸಿದರು. ತಮ್ಮ ಹರಿರಾಜ ಅದನ್ನು ಒಪ್ಪದೆ ದಂಗೆ ಎದ್ದ, ಗೋವಿಂದನನ್ನು ಓಡಿಸಿದ, ಸೋತು ಬೆಂಕಿಗೆ ಬಿದ್ದ. ಓಡಿಹೋದ ಗೋವಿಂದ ರಣಥಂಭೋರಿನಲ್ಲಿ ನೆಲೆ ಕಟ್ಟಿದ. ಆ ಶಾಖೆ 1301ರಲ್ಲಿ ಅಲ್ಲಾವುದ್ದೀನ್ ಖಿಲ್ಜಿಯ ಎದುರು ಹಮ್ಮೀರ ಸಾಯುವತನಕ, ಇನ್ನೂ ನೂರು ವರ್ಷ, ನಡೆಯಿತು. ಬೈಗುಳದ ತರ್ಕ ಹಿಡಿದರೆ ಘೋರಿಯ ಸಾಮಂತನಾದ ಮಗ ಯಾರು? ಅವನನ್ನು ಬೈಯುವುದು ಕಷ್ಟ, ಯಾಕೆಂದರೆ ಅವನು ಹೀರೋನ ಮಗ, ಅವನಿಂದಲೇ ವಂಶ ಉಳಿದದ್ದು. ಒಬ್ಬನೇ ಮನುಷ್ಯ ಶರಣಾಗಿಯೂ ವಂಶ ಉಳಿಸಬಹುದು, ಇನ್ನೊಬ್ಬ ಹೋರಾಡಿ ಸತ್ತೂ ದ್ರೋಹಿ ಅನ್ನಿಸಿಕೊಳ್ಳಬಹುದು. ಇತಿಹಾಸ ಇಷ್ಟು ಸಿಕ್ಕಾಗಿರುತ್ತದೆ.

ಬಲವಾದ ಆಕ್ಷೇಪ ಒಂದಿದೆ. ‘ಜಯಚಂದ್ರ ಕರೆಸಿಲ್ಲದಿರಬಹುದು, ಆದರೆ ಸಹಾಯಕ್ಕೂ ಬರಲಿಲ್ಲವಲ್ಲ?’ ಬರಲಿಲ್ಲ, ನಿಜ. 1178ರಲ್ಲಿ ಗುಜರಾತು ಒಂಟಿಯಾಗಿ ಕಾದಾಡಿತು. 1192ರಲ್ಲಿ ಅಜ್ಮೀರಕ್ಕೆ ಕನೌಜೂ ಬರಲಿಲ್ಲ, ಗುಜರಾತೂ ಬರಲಿಲ್ಲ. 1194ರಲ್ಲಿ ಕನೌಜು. 1197ರಲ್ಲಿ ಮತ್ತೆ ಗುಜರಾತಿನ ರಾಜಧಾನಿ. 1202ರ ಹೊತ್ತಿಗೆ ಕಾಲಿಂಜರದ ಚಂದೇಲರು. ಒಬ್ಬೊಬ್ಬರಾಗಿ, ಪಾಳಿ ಪ್ರಕಾರ. ಬರದೇ ಇರುವುದು ದ್ರೋಹವಾದರೆ ಇವರೆಲ್ಲ ದ್ರೋಹಿಗಳು, ಪೃಥ್ವೀರಾಜನೂ ಸೇರಿ. ಅಷ್ಟೇಕೆ, ಅದೇ 1190ರ ಸುಮಾರಿಗೆ ನಮ್ಮ ಹೊಯ್ಸಳ ವೀರಬಲ್ಲಾಳ ಗದಗಿನ ಹತ್ತಿರದ ಸೊರಟೂರಿನಲ್ಲಿ ಸೇವುಣರ ಭಿಲ್ಲಮನ ಜೊತೆ ಜೀವ ಹೋಗುವ ಹಾಗೆ ಬಡಿದಾಡುತ್ತಿದ್ದ. ಅವನನ್ನೂ ಕಟಕಟೆಗೆ ಕರೆಯೋಣವಾ? ‘ಕೊನೆಯ ಹಿಂದೂ ಸಾಮ್ರಾಟ’ ಅಂತ ಪೃಥ್ವೀರಾಜನನ್ನು ಕರೆಯುವಾಗ ಕನ್ನಡಿಗರಾದ ನಾವಾದರೂ ಒಂದು ಕ್ಷಣ ತಡೆಯಬೇಕು. ವಿಜಯನಗರ ಹುಟ್ಟಿದ್ದು ಅವನು ಸತ್ತ ನೂರನಲವತ್ತು ವರ್ಷದ ಮೇಲೆ. ಕೃಷ್ಣದೇವರಾಯ ಹಾಗಾದರೆ ಏನು, ಬೋನಸ್ಸಾ?

ಒಬ್ಬ ದ್ರೋಹಿಯ ಕಥೆ ನಮಗೆ ಯಾಕೆ ಅಷ್ಟು ರುಚಿ ಅಂದರೆ, ಅದು ಅಗ್ಗ. ಪ್ರಾಜೆಕ್ಟು ಮುಳುಗಿದಾಗ ಮೀಟಿಂಗಿನಲ್ಲಿ ಏನಾಗುತ್ತದೆ ನೆನಪಿಸಿಕೊಳ್ಳಿ. ಡೆಡ್‌ಲೈನು ಹುಚ್ಚುತನದ್ದಾಗಿತ್ತು, ಎರಡು ಟೀಮುಗಳು ಮಾತಾಡುತ್ತಿರಲಿಲ್ಲ, ಹೋದ ವರ್ಷದ ಎಚ್ಚರಿಕೆಯನ್ನು ಯಾರೂ ಓದಲಿಲ್ಲ. ಇದನ್ನೆಲ್ಲ ಬರೆಯುತ್ತಾ ಕೂರುವ ಬದಲು ಕೆಲಸ ಬಿಟ್ಟುಹೋದ ಒಬ್ಬನ ಹೆಸರು ಹೇಳಿದರೆ ಅರ್ಧ ಗಂಟೆಗೆ ಮೀಟಿಂಗ್ ಮುಗಿಯುತ್ತದೆ. ಮುಂದಿನ ಪ್ರಾಜೆಕ್ಟೂ ಹಾಗೇ ಮುಳುಗುತ್ತದೆ. ಜಯಚಂದ್ರ ನಮ್ಮ ಇತಿಹಾಸದ ಆ ಕೆಲಸ ಬಿಟ್ಟುಹೋದವನು. ಅವನ ಹೆಸರು ಸಿಕ್ಕಿದ ಮೇಲೆ ಹದಿಮೂರು ತಿಂಗಳ ಮುತ್ತಿಗೆಯ ಬಗ್ಗೆ, ಕುದುರೆಯ ಬಗ್ಗೆ, 1178ರ ಮೌನದ ಬಗ್ಗೆ ಯಾರೂ ಕೇಳಬೇಕಾಗಿಲ್ಲ.

ಇನ್ನೂ ಕೆಟ್ಟದ್ದೆಂದರೆ, ಈ ಕಥೆ ನಂಬಿದವನಿಗೆ ಶತ್ರು ಸದಾ ಮನೆಯೊಳಗೇ ಕಾಣುತ್ತಾನೆ. ಪ್ರಶ್ನೆ ಕೇಳಿದ ಗೆಳೆಯ, ಬೇರೆ ಜಾತಿಯಲ್ಲಿ ಮದುವೆಯಾದ ತಂಗಿ, ಬೇರೆ ಪೇಪರ್ ಓದುವ ಅಪ್ಪ. ಚೌಹಾಣರು ಹೊರಗಿನ ಹಗೆಯನ್ನು ಅಳೆಯದೆ ಪಕ್ಕದವರ ಜೊತೆಗೇ ಹಗೆ ಸಾಧಿಸಿದ್ದು ಅವರ ಅಳಿವಿನ ಕಾರಣಗಳಲ್ಲಿ ಒಂದು. ಅದೇ ಅಳಿವಿನ ಹೆಸರು ಹಿಡಿದು ನಾವೂ ಪಕ್ಕದವನನ್ನೇ ಬೈಯುತ್ತಿದ್ದೇವೆ.

ಅದಕ್ಕೇ ಒಂದು ಚಿಕ್ಕ ಕೋರಿಕೆ. ಮುಂದಿನ ಸಲ ಯಾರಾದರೂ ಯಾರನ್ನಾದರೂ ‘ಜೈಚಂದ್’ ಅಂದರೆ ಕೂಗಾಡಬೇಡಿ, ಗ್ರೂಪೂ ಬಿಡಬೇಡಿ. ಒಂದೇ ಪ್ರಶ್ನೆ ಕೇಳಿ: ‘ಜಯಚಂದ್ರ ಎಲ್ಲಿ ಸತ್ತ, ಯಾರ ವಿರುದ್ಧ?’ ಉತ್ತರಕ್ಕೆ ಸ್ವಲ್ಪ ಹೊತ್ತು ಕಾಯಿರಿ. ಬರದಿದ್ದರೆ ನೀವೇ ಟೈಪ್ ಮಾಡಿ: ಚಂದಾವರ್, 1194, ಘೋರಿಯ ಸೈನ್ಯದ ವಿರುದ್ಧ.